ಬೂದಿ ತೂಗಿದ ಶನಿವಾರ

18 ಜನವರಿ 2025, ಶನಿವಾರ, ಮಂಡ್ಯ

ಮಾಂಸ ಇನ್ನೂ ಬಾಮೈದನ ಮನೆ ಫ್ರಿಜ್ಜಿನಲ್ಲಿದೆ. ಶನಿವಾರ ಅದು ನಮ್ಮ ಮನೆ ಹೊಸಲು ದಾಟುವ ಹಾಗಿಲ್ಲ, ಅವ್ವನ ಕಟ್ಟಪ್ಪಣೆ. "ಹಿತ್ಲಲ್ಲಿ ಏನಾರ ಮಾಡ್ಕಳ್ರಪ್ಪ, ಒಳಿಕ್ ಮಾತ್ರ ತರ್‌ಬ್ಯಾಡಿ" ಅಂದಳು. ನಮಗೂ ಅದೇ ಸರಿ. ಹಂದಿಯ ಮುಂಗಾಲಿನ ಮೇಲ್ಭಾಗ, ಮೂಳೆ ಸಮೇತ 4 ಕಿಲೋ. ಇದ್ದಿಲ ಕಾವು-ಹೊಗೆಯಲ್ಲಿ ರಾತ್ರಿಯಿಡೀ ನಿಧಾನಕ್ಕೆ ಬೇಯಿಸುವ ಡ್ರಮ್ಮಿಗೆ ರಾತ್ರಿ ಹತ್ತೂವರೆಗೆ ಇಟ್ಟರೆ ತಿನ್ನುವುದು ಹೇಗೂ ಭಾನುವಾರವೇ.

ಡಿಸೆಂಬರಿನಲ್ಲಿ ಆದ ಅವಮಾನ ಇನ್ನೂ ಮರೆತಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಒಂದು ಅಂಗಡಿಯಿಂದ ಬ್ರಿಕೆಟ್ (ಇದ್ದಿಲ ಪುಡಿಗೆ ಅಂಟು ಹಾಕಿ ಒತ್ತಿ ಮಾಡಿದ್ದು) ಮೂಟೆ ತಂದಿದ್ದೆ. ದಿಂಬಿನಾಕಾರದ ನುಣುಪು ಉಂಡೆಗಳು, ನೋಡಲು ಲಕ್ಷಣವಾಗಿದ್ದವು. ಬೆಳಗಿನ ಜಾವ ಮೂರೂವರೆಗೆ ಎದ್ದು ನೋಡಿದರೆ ಡ್ರಮ್ ತಣ್ಣಗಿತ್ತು. ಇದ್ದಿಲು ಮುಗಿದಿರಲಿಲ್ಲ, ಅರ್ಧಕ್ಕರ್ಧ ಹಾಗೇ ಇತ್ತು. ಉರಿದ ಉಂಡೆಗಳ ಬೂದಿ ಉದುರದೆ ಡ್ರಮ್ಮಿನೊಳಗಿನ ಇದ್ದಿಲ ಬುಟ್ಟಿಯ ತಳಕ್ಕೆ ಮೆತ್ತಿಕೊಂಡು ಗಾಳಿ ಕಟ್ಟಿಹೋಗಿತ್ತು. ಮಾಂಸ ಎಷ್ಟು ಹೊತ್ತು ಉಗುರುಬೆಚ್ಚಗೆ ಕೂತಿತ್ತೋ ಯಾರಿಗೆ ಗೊತ್ತು! ಧೈರ್ಯ ಬರಲಿಲ್ಲ, ತೆಂಗಿನಮರದ ಬುಡದಲ್ಲಿ ಗುಂಡಿ ತೋಡಿ ಹೂತುಬಿಟ್ಟೆ. ಅವತ್ತಿನಿಂದ ಬಾಮೈದ ಫೋನ್ ಮಾಡಿದಾಗಲೆಲ್ಲ "ಭಾವ, ತೆಂಗು ಚೆನ್ನಾಗ್ ಬುಟ್ಟದಾ?" ಅಂತಲೇ ಶುರುಮಾಡುತ್ತಾನೆ.

ಅದಕ್ಕೇ ಈ ಸಲ ಸುಟ್ಟು ನೋಡಿಯೇ ಕೊಳ್ಳುವುದೆಂದು ತೀರ್ಮಾನಿಸಿದೆ. ಬೆಳಿಗ್ಗೆ ಮೂರು ಥರದ್ದನ್ನು ಒಂದೊಂದು ಕಿಲೋ ತಂದು, ಅರ್ಧರ್ಧ ಕಿಲೋ ತೂಗಿ, ತಗಡಿನ ತಟ್ಟೆ ಕೆಳಗಿಟ್ಟು ಬೇರೆಬೇರೆಯಾಗಿ ಪೂರಾ ಉರಿಸಿದೆ. ಆರಿದ ಮೇಲೆ ಬೂದಿಯನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ. (ಹೆಂಡತಿಗೆ ಇದು ಗೊತ್ತಿಲ್ಲ.) ಅಗ್ಗದ ಉಂಡೆಯ ಬೂದಿ 118 ಗ್ರಾಂ. ಬರೀ ಇದ್ದಿಲು ಇಷ್ಟು ಬೂದಿ ಬಿಡುವುದಿಲ್ಲ. ತೂಕಕ್ಕೆ ಜೇಡಿಮಣ್ಣೋ ಇನ್ನೇನೋ ಬೆರೆಸಿದ್ದಾರೆ. ತೆಂಗಿನ ಚಿಪ್ಪಿನ ಬ್ರಿಕೆಟ್, ಆರು ಮೂಲೆಯ ಕೊಳವೆ, ನಡುವೆ ತೂತು ಇರುತ್ತದಲ್ಲ, ಅದರದ್ದು 19 ಗ್ರಾಂ. ಜಾಲಿ ಇದ್ದಿಲು ಅದಕ್ಕಿಂತ ಒಂದೆರಡು ಗ್ರಾಂ ಕಮ್ಮಿಯೇ.

ಹಾಗಾದರೆ ಜಾಲಿ ಇದ್ದಿಲೇ ಸಾಕಲ್ಲ ಅಂತ ಯಾರಾದರೂ ಕೇಳಬಹುದು. ಕಬಾಬಿಗೆ ಅದನ್ನು ಮೀರಿಸಿದ್ದಿಲ್ಲ. ಆದರೆ ಒಂದು ತುಂಡು ಮುಷ್ಟಿಯಷ್ಟು, ಇನ್ನೊಂದು ಕಡಲೆಕಾಯಷ್ಟು. ದಪ್ಪದ ತುಂಡುಗಳ ಸಂದಿಯಲ್ಲಿ ಗಾಳಿ ನುಗ್ಗಿ ಭಗ್ಗನೆ ಉರಿಯುತ್ತದೆ, ಪುಡಿ ಇದ್ದ ಕಡೆ ಮಂಕಾಗುತ್ತದೆ. ಪಕ್ಕದಲ್ಲೇ ಕೂತು ನೋಡಿಕೊಳ್ಳುವವನಿಗೆ ಅದು ಸರಿ. ಮಲಗುವವನಿಗೆ ಒಂದೇ ಅಳತೆಯ ಬ್ರಿಕೆಟ್ ಬಿಲ್ಲೆ ಬೇಕು. ಒಂದರ ಕೆಂಡ ಪಕ್ಕದ್ದಕ್ಕೆ ತಗುಲಿ, ಅದು ಅದರ ಪಕ್ಕದ್ದಕ್ಕೆ ದಾಟಿಸುತ್ತಾ ಹೋಗಬೇಕು.

ಬೇಗ ಹತ್ತಿಕೊಳ್ಳಲೆಂದು ರಾಸಾಯನಿಕ ಸವರಿದ ಬ್ರಿಕೆಟ್ಟನ್ನು ಮುಟ್ಟಲೂ ಇಲ್ಲ. ರಾತ್ರಿಯ ಅಡುಗೆಗೆ ಬೆಂಕಿ ಹಾಕುವ ಕ್ರಮಕ್ಕೆ ಅಮೆರಿಕದ ಜಿಮ್ ಮಿನಿಯನ್ ಎಂಬಾತನ ಹೆಸರಿದೆ: ಹತ್ತಿಸದ ಇದ್ದಿಲ ರಾಶಿಯ ಮೇಲೆ ಹತ್ತಿದ ಹತ್ತಾರು ಕೆಂಡ ಸುರಿದು ಬಿಡುವುದು. ಅಂದರೆ ನಡುರಾತ್ರಿಯಲ್ಲೂ ಹೊಸ ಬಿಲ್ಲೆಗಳು ಹತ್ತುತ್ತಲೇ ಇರುತ್ತವೆ, ಅದರಲ್ಲಿರುವ ಎಣ್ಣೆ-ಅಂಟಿನ ವಾಸನೆಯೆಲ್ಲ ಮಾಂಸಕ್ಕೇ. ಅಂಟಿಗೆ ಗಂಜಿ ಹಿಟ್ಟು ಹಾಕಿದ್ದರೆ ತೊಂದರೆಯಿಲ್ಲ. ಹೆನ್ರಿ ಫೋರ್ಡ್ 1920ರ ದಶಕದಲ್ಲಿ ಕಾರಿಗೆ ಬಳಸಿ ಉಳಿದ ಮರದ ಚೂರುಗಳನ್ನು ಸುಟ್ಟು ಬ್ರಿಕೆಟ್ ಮಾಡಿಸಿದಾಗಲೂ ಕಟ್ಟಿದ್ದು ಗಂಜಿಯಲ್ಲೇ. ಕಬ್ಬಿನ ಸಿಪ್ಪೆಯಲ್ಲೇ ಆಲೆಮನೆ ಒಲೆ ಉರಿಸುವ ನಮ್ಮೂರಿನವರಿಗೆ ಈ ಬುದ್ಧಿ ಹೊಸದೇನಲ್ಲ.

ಕಡೆಗೆ ದುಪ್ಪಟ್ಟು ರೇಟು ಕೊಟ್ಟು ಚಿಪ್ಪಿನದ್ದೇ ತಂದೆ. ಎರಡು ಬಿಲ್ಲೆ ತಾಡಿಸಿದರೆ ಕಣಕಣ ಅಂದಿತು. ನೀರು ಎಳೆದುಕೊಂಡಿದ್ದರೆ ಹಾಗೆ ಅನ್ನುವುದಿಲ್ಲ, ದೊಪ್ಪೆನ್ನುತ್ತದೆ. ಮೂಟೆಯ ತಳದ ಪುಡಿಯನ್ನೆಲ್ಲ ಜರಡಿ ಹಿಡಿದು ತೆಗೆದೆ.

ರಾತ್ರಿ 10.15. ಬುಟ್ಟಿಗೆ 6 ಕಿಲೋ ಹಾಕಿ, ನಡುವೆ ಒಣಗಿದ ಸೀಬೆ ಕೊಂಬಿನ ನಾಲ್ಕು ತುಂಡು ಹೂತಿದ್ದೇನೆ. ತೂತು ಕೊರೆದ ಡಬ್ಬದಲ್ಲಿ ಹನ್ನೆರಡು ಬಿಲ್ಲೆ ಹತ್ತಿಸಿ ಮೇಲೆ ಸುರಿದೆ. ಮೊದಲು ಬಿಳಿ ಹೊಗೆ, ಕಣ್ಣುರಿ. ಆಗ ಮಾಂಸ ಇಟ್ಟರೆ ಕಹಿ. ಮುಕ್ಕಾಲು ಗಂಟೆ ಕಾದ ಮೇಲೆ ಹೊಗೆ ತೆಳ್ಳಗೆ ನೀಲಿಗೆ ತಿರುಗಿತು. ಬಾಮೈದ ಬೈಕಿನಲ್ಲಿ ಪಾತ್ರೆ ತಂದ, ಗೇಟಿನ ಪಕ್ಕದ ಸಂದಿಯಿಂದ ನೇರ ಹಿತ್ತಲಿಗೆ. "ಕಿಚ್ಚು ಹಾಯ್ಸಿ ನಾಕ್ ದಿನ ಆಗಿಲ್ಲ, ಮತ್ತೆ ಬೆಂಕಿ ಹಾಕಿದ್ದೀಯಲ್ಲ ಭಾವ" ಅಂದ. ಇಬ್ಬನಿ ಬೀಳುತ್ತದೆ, ಡ್ರಮ್ಮನ್ನು ಶೆಡ್ಡಿನೊಳಗೆ ಎಳೆಯೋಣ ಅಂತಲೂ ಅಂದ. ಬೇಡವೆಂದೆ. ಇದ್ದಿಲಿಂದ ಬರುವ ವಿಷಗಾಳಿಗೆ ವಾಸನೆಯಿಲ್ಲ, ಮುಚ್ಚಿದ ಜಾಗದಲ್ಲಿ ಗೊತ್ತಾಗುವ ಮೊದಲೇ ಆಳು ಬಿದ್ದುಹೋಗುತ್ತಾನೆ.

19 ಜನವರಿ, ಭಾನುವಾರ

1.00. ಡ್ರಮ್ಮಿನ ಕಾವು 112 ಡಿಗ್ರಿ ಸೆಲ್ಸಿಯಸ್. ಕೆಳಗಿನ ಗಾಳಿಕಿಂಡಿ ಬೆರಳಗಲ ಬಿಟ್ಟು ಮಲಗಿದೆ.

3.30. ಅಲಾರಂ ಇಟ್ಟಿದ್ದೆ, ಬೇಕಿರಲಿಲ್ಲ, ಎಚ್ಚರವೇ ಇತ್ತು. 108. ಡ್ರಮ್ಮಿಗೆ ಕಿವಿ ಕೊಟ್ಟರೆ ಒಳಗೆ ಕೊಬ್ಬು ತೊಟ್ಟಿಕ್ಕುವ ಚುಯ್ ಚುಯ್. ಸೌಟಿನಿಂದ ಪಕ್ಕಕ್ಕೆ ಎರಡು ಸಲ ತಟ್ಟಿದೆ, ಬೂದಿ ಮರಳಿನ ಹಾಗೆ ಸರ್ರನೆ ಇಳಿಯಿತು. ಹತ್ತು ನಿಮಿಷಕ್ಕೆ 113. ಇಷ್ಟಕ್ಕೆ ಆದ ಖುಷಿಯನ್ನು ಯಾರಿಗಾದರೂ ಹೇಳೋಣವೆಂದರೆ ಬೀದಿನಾಯಿಯೂ ಮಲಗಿತ್ತು.

5.00ರಿಂದ 8.00. ಮಾಂಸದೊಳಗಿನ ಕಾವು 69ಕ್ಕೆ ಬಂದು ಅಲ್ಲೇ ಕೂತಿತು. ಮೊದಲ ಸಲ ಇದನ್ನು ಕಂಡಾಗ ಹೆದರಿ ಕಿಂಡಿಯೆಲ್ಲ ತೆಗೆದು ಕರಕಲು ಮಾಡಿದ್ದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ಥರವೇ ಇದು, ಮಾಂಸದ ಮೈ ಬೆವರಿ ಆರುತ್ತಾ ಬೆಂಕಿ ಕೊಟ್ಟಷ್ಟು ಕಾವನ್ನು ನುಂಗುತ್ತದೆ. ಬಾಳೆಎಲೆ ಸುತ್ತಿ, ಮೇಲೆ ಫಾಯಿಲ್ ಬಿಗಿದೆ. ಬೆವರು ನಿಂತಿತು, ಥರ್ಮಾಮೀಟರಿನ ಮುಳ್ಳು ಮತ್ತೆ ಏರಿತು.

11.10. ಮಾಂಸದೊಳಗೆ 94 ಡಿಗ್ರಿ. ಮೂಳೆ ಹಿಡಿದು ತಿರುಗಿಸಿದರೆ ಕೈಗೇ ಬಂತು. ಬಾಮೈದ ಬಂದು ತೆಂಗಿನಮರದ ಕಡೆ ನೋಡಲೇ ಇಲ್ಲ. ಒಂದು ತಾಸು ಸುಮ್ಮನೆ ಬಿಟ್ಟು ಆಮೇಲೆ ಬಿಡಿಸಿದೆವು. ಬಿಸಿ ಮುದ್ದೆ ಜೊತೆ ತಿಂದದ್ದು, ಬನ್ನು-ಗಿನ್ನು ಯಾರಿಗೆ ಬೇಕು.

ಕಿಂಡಿ ಮುಚ್ಚಿ ಬೆಂಕಿ ಆರಿಸಿದಾಗ ಬುಟ್ಟಿಯಲ್ಲಿ 1 ಕಿಲೋ 400 ಗ್ರಾಂ ಉಳಿದಿತ್ತು, ಮುಂದಿನ ಸಲಕ್ಕಾಯಿತು. ಸಾಯಂಕಾಲ ಅವ್ವ ಅವರೆ ಗಿಡದ ಬುಡಕ್ಕೆಂದು ಹಳೇ ಬಕೆಟ್ಟು ಹಿಡಿದು ಬಂದು, ಡ್ರಮ್ಮಿನ ತಳಕ್ಕೆ ಇಣುಕಿದಳು.

"ರಾತ್ರಿಯೆಲ್ಲಾ ಉರ್ಸಿ ಇಷ್ಟೇ ಬೂದಿಯೇನ್ಲಾ? ಹೋದ್ ಸಲದ್ದೇ ವಾಸಿಯಾಗಿತ್ತು ಬುಡು."