ಸತ್ತ ಹೋರಿಯ ಅಂಕೆಗಳು: ನಮ್ಮೂರ ದೇವಣಿ ವಂಶಾವಳಿ, ಕೆಲಸ ಇಲ್ಲಿಯವರೆಗೆ

ಜೂನ್ 2024

ಕಾರ ಹುಣ್ಣಿಮೆಗೆ ಎತ್ತುಗಳ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚುತ್ತಿದ್ದಾಗ ಅದೇ ಮಾತು ಮತ್ತೆ ಬಂತು: ಚಂದ್ರನ ಜಾಗಕ್ಕೆ ಯಾವ ಹೋರಿ?

ಚಂದ್ರ ನಮ್ಮ ಕಾಕಾನ ದೇವಣಿ ಹೋರಿ. ಮೈ ಬಿಳಿ, ಮುಖದ ಪಕ್ಕ ಮಾತ್ರ ಕಪ್ಪು. ಈ ಬಗೆಗೆ ವಾನೇರಾ ಎನ್ನುತ್ತಾರೆ. ಪೂರ್ತಿ ಬಿಳಿಯದು ಬಾಲಂಕ್ಯ, ಕಪ್ಪು ಮಚ್ಚೆಗಳದು ಶೇವೇರಾ. ಗಡಿಯಾಚೆ ಲಾತೂರ್ ಜಿಲ್ಲೆಯ ದೇವಣಿ ಎಂಬ ಊರಿನಿಂದ ತಳಿಗೆ ಹೆಸರು ಬಂದಿದ್ದರೂ ಬೀದರ್‌ನ ಕಪ್ಪು ನೆಲವೂ ಅದರ ತವರೇ. ಹಾಲಿಗೂ ಸೈ, ನೇಗಿಲಿಗೂ ಸೈ. ಏಳೆಂಟು ವರ್ಷ ಭಾಲ್ಕಿ ತಾಲ್ಲೂಕಿನ ನಮ್ಮ ಮೂರು ಊರುಗಳ ಆಕಳುಗಳಿಗೆ ಚಂದ್ರನೇ ಹೋರಿಯಾಗಿದ್ದ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಮೈತುಂಬ ಗಂಟೆದ್ದು ಹೋದ. ಹೊಲದ ಬದುವಿನಲ್ಲಿ ಆಳವಾಗಿ ಹೂಳಿ ಸುಣ್ಣ ಸುರಿದೆವು. ಅವನ ಒಂದು ಕೂದಲನ್ನೂ ಯಾರೂ ತೆಗೆದಿಡಲಿಲ್ಲ.

ಈಗ ಎಲ್ಲರ ಕಣ್ಣು ಸರ್ಜಾನ ಮೇಲೆ. 2022ರ ಫೆಬ್ರುವರಿಯಲ್ಲಿ ಹುಟ್ಟಿದ, ಎದೆ ಅಗಲವಾದ, ಸಾಧು ಸ್ವಭಾವದ ಹೋರಿ. ಯಜಮಾನರು ಅವನನ್ನು ಚಂದ್ರನ ಮಗನೆಂದೇ ಹೇಳುತ್ತಾರೆ. ಜಾತ್ರೆಯಲ್ಲಿ ಆ ಒಂದು ಮಾತಿಗೆ ಬೆಲೆ ಏರುತ್ತದೆ. ನನ್ನನ್ನು ಕಾಡುವುದೂ ಅದೇ ಮಾತು. ನಮ್ಮ ಆಕಳುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಚಂದ್ರನ ಹೆಣ್ಣುಮಕ್ಕಳು. ಒಂದೇ ತಂದೆಯ, ಬೇರೆ ಬೇರೆ ತಾಯಂದಿರ ಮಕ್ಕಳನ್ನು ಕೂಡಿಸಿದರೆ ಹುಟ್ಟುವ ಕರುವಿನ ಒಳತಳಿ ಪ್ರಮಾಣ, ಅಂದರೆ ಒಂದೇ ಪೂರ್ವಜನ ಅದೇ ಅಂಶ ತಂದೆ-ತಾಯಿ ಇಬ್ಬರಿಂದಲೂ ಬರುವ ಸಾಧ್ಯತೆ, ಶೇ 12.5. ಎರಡು ತಲೆಮಾರು ಹೀಗೇ ನಡೆದರೆ ಗಬ್ಬ ನಿಲ್ಲುವುದು ಕಡಿಮೆಯಾಗುತ್ತದೆ, ಕರುಗಳು ಸೊರಗುತ್ತವೆ. ಹಾಗಾಗಿ ಸರ್ಜಾ ಯಾರ ಮಗ ಎಂಬುದು ನನಗೆ ಹೆಮ್ಮೆಯ ಪ್ರಶ್ನೆಯಲ್ಲ. ಅವನನ್ನು ಯಾವ ಆಕಳ ಬಳಿ ಬಿಡಬಾರದು ಎಂಬ ಪ್ರಶ್ನೆ.

ಕಿವಿಯ ಹಳದಿ ಓಲೆಯ ಹನ್ನೆರಡು ಅಂಕಿ ಇದಕ್ಕೆ ಉತ್ತರ ಕೊಡುವುದಿಲ್ಲ. ಅದು ಈ ದನ ಯಾವುದು ಎಂದು ಹೇಳುತ್ತದೆ. ತಂದೆ ಯಾರೆಂಬುದು ಓಲೆ ಹಾಕಿದ ದಿನ ಯಾರಾದರೂ ಸರಿಯಾಗಿ ಬರೆಸಿದ್ದರೆ ಮಾತ್ರ ಉಳಿಯುತ್ತದೆ. ನಮ್ಮಲ್ಲಿ ಎರಡು ಆಕಳುಗಳ ಓಲೆ ಬೇಲಿಗೆ ಸಿಕ್ಕಿ ಕಿವಿ ಹರಿದೇ ಹೋಗಿದೆ.

ಆಗಸ್ಟ್ 2024

ಸರ್ಜಾನ ತಂದೆ ಯಾರೆಂದು ಡಿಎನ್‌ಎ ಪರೀಕ್ಷೆಯಿಂದ ತಿಳಿಯಲು ಪ್ರಯೋಗಾಲಯಕ್ಕೆ ಕಳಿಸಿದ ಮೊದಲ ಮಾದರಿಗಳೆಲ್ಲ ವ್ಯರ್ಥವಾದವು, ತಪ್ಪು ನನ್ನದು. ಬಾಲದ ತುದಿಯ ಕೂದಲನ್ನು ಕತ್ತರಿಯಿಂದ ಕತ್ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಳಿಸಿದ್ದೆ. ತಂದೆ-ತಾಯಿ ಇಬ್ಬರಿಂದಲೂ ಬರುವ ಡಿಎನ್‌ಎ ಬೇಕಾದಷ್ಟು ಸಿಗುವುದು ಕೂದಲ ಬುಡದ ಗಡ್ಡೆಯಲ್ಲಿ. ಅದನ್ನು ಕೊಟ್ಟಿಗೆಯಲ್ಲೇ ಬಿಟ್ಟು ಬರಿಯ ಎಳೆಯನ್ನು ಕಳಿಸಿದ್ದೆ. ಮಳೆಗಾಲದ ತೇವಕ್ಕೆ ಪ್ಲಾಸ್ಟಿಕ್ಕಿನೊಳಗೆ ಬೂಸ್ಟು ಬೇರೆ ಹಿಡಿದಿತ್ತು.

ಈಗಿನ ಕ್ರಮ ಹೀಗಿದೆ. ಬಾಲವನ್ನು ಒರೆಸಿ ಒಣಗಿಸಿ, ಕೂದಲನ್ನು ಬೆರಳಿಗೆ ಸುತ್ತಿಕೊಂಡು ಒಮ್ಮೆಗೇ ಜಗ್ಗಬೇಕು. ಬುಡದ ಬಿಳಿ ಗಡ್ಡೆ ಬಂದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಅಂಥ ಮೂವತ್ತು ಕೂದಲನ್ನು ಕಾಗದದ ಲಕೋಟೆಯಲ್ಲಿ ಹಾಕಿ, ಅಲ್ಲೇ ನಿಂತು ಹೆಸರು ಬರೆಯಬೇಕು. ಒಂದು ದನದಿಂದ ಇನ್ನೊಂದಕ್ಕೆ ಹೋಗುವ ಮೊದಲು ಕೈ ತೊಳೆಯಬೇಕು. ಮನೆಗೆ ಹೋಗಿ ಬರೆದರಾಯಿತು ಎಂದುಕೊಂಡರೆ ಅದಲು ಬದಲಾಗುವುದು ಖಂಡಿತ.

ಪಶುವೈದ್ಯರು ರಕ್ತ ತೆಗೆದುಕೊಡುತ್ತೇನೆ ಎಂದರು. ಬೇಡವೆನ್ನಲು ಒಂದು ಕಾರಣವಿತ್ತು. ಕಾಕಾನ ಗೊಡ್ಡು ಆಕಳು ಒಂದು ಗಂಡುಗರುವಿನ ಜೊತೆ ಅವಳಿಯಾಗಿ ಹುಟ್ಟಿದ್ದು. ಅಂಥ ಅವಳಿಗಳ ರಕ್ತ ಗರ್ಭದಲ್ಲೇ ಬೆರೆಯುತ್ತದೆ, ಹೆಣ್ಣು ಬಹುಪಾಲು ಗೊಡ್ಡಾಗುತ್ತದೆ. ಅಣ್ಣನ ರಕ್ತಕಣಗಳನ್ನು ಹುಟ್ಟಿಸುವ ಜೀವಕೋಶಗಳು ತಂಗಿಯ ಮೈಯಲ್ಲಿ ಜೀವನವಿಡೀ ಉಳಿಯುವುದರಿಂದ ಅವಳ ರಕ್ತ ಪರೀಕ್ಷಿಸಿದರೆ ಇಬ್ಬರ ಡಿಎನ್‌ಎಯೂ ಕಲಸಿ ಬರುತ್ತದೆ. ಕೂದಲ ಬುಡದಲ್ಲಿ ಆ ತೊಡಕಿಲ್ಲ.

ನವೆಂಬರ್ 2024

ಚಂದ್ರನನ್ನು ಮಣ್ಣಿನಿಂದ ತೆಗೆಯದೆ ಅವನ ಅಂಕೆಗಳನ್ನು ಪಡೆದೆವು. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಭಾಗ ಇದು, ಆದ್ದರಿಂದ ಬಿಡಿಸಿ ಬರೆಯುತ್ತೇನೆ.

ಪ್ರಯೋಗಾಲಯದವರು ನೋಡುವುದು ಹನ್ನೆರಡು ಮಾರ್ಕರ್‌ಗಳನ್ನು. ಇವು ದನಗಳ ಪಿತೃತ್ವ ಪರೀಕ್ಷೆಗೆ ಜಗತ್ತಿನಾದ್ಯಂತ ಒಪ್ಪಿಕೊಂಡ, ಡಿಎನ್‌ಎಯ ಮೇಲಿನ ಜಾಗಗಳು. ಬಿಎಂ 2113 ಎಂಬುದು ಎರಡನೆಯ ವರ್ಣತಂತುವಿನ ಮೇಲಿದೆ, ಇಟಿಎಚ್ 225 ಒಂಬತ್ತನೆಯದರ ಮೇಲೆ. ಆ ಜಾಗದಲ್ಲಿ ಡಿಎನ್‌ಎಯ ಎರಡೇ ಅಕ್ಷರಗಳು ಮತ್ತೆ ಮತ್ತೆ ಬರುತ್ತವೆ. ಎಷ್ಟು ಸಲ ಬಂದಿವೆ ಎಂಬುದರ ಮೇಲೆ ತುಣುಕಿನ ಉದ್ದ ಬದಲಾಗುತ್ತದೆ, ಆ ಉದ್ದವೇ ಅಂಕೆ. ಪ್ರತಿ ದನಕ್ಕೂ ಪ್ರತಿ ಜಾಗದಲ್ಲಿ ಎರಡು ಅಂಕೆಗಳು: ಒಂದು ತಾಯಿಯದು, ಒಂದು ತಂದೆಯದು.

ಚಂದ್ರ ಕಾಕಾನ ಕೊಟ್ಟಿಗೆಯಲ್ಲೇ ಕಟ್ಟಿದ್ದ ವರ್ಷಗಳಲ್ಲಿ, ಹೊರಗೆ ಮೇಯಲು ಹೋಗದ ಆಕಳುಗಳಿಗೆ ಹುಟ್ಟಿದ ಆರು ಕರುಗಳು ಇಂದಿಗೂ ಇವೆ, ಅವುಗಳ ತಾಯಂದಿರೂ ಇದ್ದಾರೆ. ಕರುವಿನ ಎರಡು ಅಂಕೆಗಳಲ್ಲಿ ತಾಯಿಯದನ್ನು ಕಳೆದರೆ ಉಳಿಯುವುದು ಚಂದ್ರನದು. ಒಂದು ಕರುವಿನಿಂದ ಅವನ ಅರ್ಧ ಸಿಗುತ್ತದೆ, ಇನ್ನೊಂದರಿಂದ ಇನ್ನರ್ಧ ಸಿಗಬಹುದು. ಒಂದು ಜಾಗದಲ್ಲಿ ಅವನ ಎರಡು ಅಂಕೆಗಳು ಬೇರೆ ಬೇರೆಯಾಗಿದ್ದರೆ, ಆರೂ ಕರುಗಳಿಗೆ ಅವನು ಒಂದೇ ಅಂಕೆಯನ್ನು ಕೊಟ್ಟು ಇನ್ನೊಂದು ಕಾಣದೇ ಉಳಿಯುವ ಸಾಧ್ಯತೆ 32ರಲ್ಲಿ ಒಂದು. ಆರು ಕರುಗಳ ತಂದೆ ಅವನೇ ಹೌದೇ ಎಂಬುದಕ್ಕೂ ಇಲ್ಲೇ ಒಂದು ಸಾಕ್ಷಿಯಿದೆ: ಯಾವುದೇ ಜಾಗದಲ್ಲಿ ತಂದೆಯ ಕಡೆಯಿಂದ ಮೂರನೆಯ ಅಂಕೆ ಕಂಡರೆ ನಡುವೆ ಬೇರೆ ಹೋರಿ ಬಂದಿದೆ ಎಂದರ್ಥ. ಎಲ್ಲಿಯೂ ಮೂರನೆಯದು ಬರಲಿಲ್ಲ.

ಏಳು ಮಾರ್ಕರ್‌ಗಳಲ್ಲಿ ಚಂದ್ರನ ಎರಡೂ ಅಂಕೆಗಳು ಸಿಕ್ಕವು. ನಾಲ್ಕರಲ್ಲಿ ಒಂದೇ ಸಿಕ್ಕಿತು. ಒಂದು ಮಾರ್ಕರ್ ಹಲವು ಮಾದರಿಗಳಲ್ಲಿ ಓದಲು ಬರಲಿಲ್ಲ, ಬಿಟ್ಟೆವು. ಹಾಳೆಯನ್ನು ಕಾಕಾನ ಕೈಯಲ್ಲಿ ಕೊಟ್ಟಾಗ ಅವರು ಬಹಳ ಹೊತ್ತು ಅದನ್ನೇ ಹಿಡಿದು ಕುಳಿತಿದ್ದರು. "ಇದು ನಮ್ಮ ಚಂದ್ರನೇ?" ಎಂದರು. "ಹೌದು ಕಾಕಾ, ಬಹುಪಾಲು" ಎಂದೆ.

ಜನವರಿ 2025

ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಬಜ್ಜಿ, ಸಜ್ಜೆ ರೊಟ್ಟಿ ಬಿಚ್ಚಿದಾಗ ದಾವಣಗೆರೆಯ ದೇವರ ಕೋಣದ ಮಾತೇ ಮಾತು. ಎರಡು ಊರಿನವರು ಕೋಣ ತಮ್ಮದೆಂದು ಹಟ ಹಿಡಿದು, ವಿವಾದ ಡಿಎನ್‌ಎ ಪರೀಕ್ಷೆಯ ಮಾತಿನವರೆಗೆ ಹೋಗಿತ್ತು. ಪತ್ರಿಕೆ ಓದಿದವರೆಲ್ಲ ನನ್ನ ಕಡೆ ನೋಡಿದರು. ಅಂಥ ಪರೀಕ್ಷೆಗೆ ಕೋಣದ ತಾಯಿಯೋ ಹತ್ತಿರದ ಬಳಗವೋ ಸಿಗಬೇಕು, ಇಲ್ಲವೇ ಕೋಣದ್ದೇ ಹಳೆಯ ಮಾದರಿ ಇರಬೇಕು. ಹೋಲಿಸಲು ಇನ್ನೊಂದಿಲ್ಲದಿದ್ದರೆ ಡಿಎನ್‌ಎ ಏನನ್ನೂ ಹೇಳಲಾರದು. ಇದನ್ನು ಹೇಳಿದ ಮೇಲೆಯೇ ನಾಲ್ಕು ಮನೆಯವರು ತಮ್ಮ ದನಗಳ ಕೂದಲು ಕೊಡಲು ಒಪ್ಪಿದರು.

ಅದೇ ವಾರ ಸರ್ಜಾನ ಫಲಿತಾಂಶ ಬಂತು. ಬಿಎಂ 2113ರಲ್ಲಿ ಅವನ ತಾಯಿಯದು 135 ಮತ್ತು 139. ಸರ್ಜಾನದು 127 ಮತ್ತು 135. ಅಂದರೆ 127 ತಂದೆಯಿಂದಲೇ ಬಂದಿರಬೇಕು. ಚಂದ್ರನದು 125 ಮತ್ತು 131. ಒಂದೇ ಕಡೆ ಹೊಂದದಿದ್ದರೆ ನಾನು ತೀರ್ಪು ಕೊಡುತ್ತಿರಲಿಲ್ಲ. ತಲೆಮಾರು ದಾಟುವಾಗ ಅಪರೂಪಕ್ಕೆ ಅಂಕೆ ಬದಲಾಗುವುದುಂಟು, ಕೆಲವೊಮ್ಮೆ ಒಂದು ಅಂಕೆ ಯಂತ್ರಕ್ಕೆ ಕಾಣದೇ ಉಳಿಯುವುದೂ ಉಂಟು. ಆದರೆ ಸರ್ಜಾ ನಾಲ್ಕು ಮಾರ್ಕರ್‌ಗಳಲ್ಲಿ ಹೊಂದಲಿಲ್ಲ, ನಾಲ್ಕೂ ಚಂದ್ರನ ಎರಡು ಅಂಕೆಗಳು ಸಿಕ್ಕ ಏಳರೊಳಗಿನವೇ. ಅವನು ಚಂದ್ರನ ಮಗನಲ್ಲ.

ಯಜಮಾನರಿಗೆ ನೋವಾಯಿತು. "ತಮ್ಮಾ, ನನ್ನ ಹೋರಿಯ ಬೆಲೆ ಇಳಿಸಲು ಇಷ್ಟು ದುಡ್ಡು ಸುರಿದೆಯಾ?" ಎಂದು ಕೇಳಿದರು. ಬೆಲೆ ಇಳಿಯುವುದಿಲ್ಲ ಅಣ್ಣಾ, ಚಂದ್ರನ ಹೆಣ್ಣುಮಕ್ಕಳಿರುವ ಎಲ್ಲ ಮನೆಗಳ ಬಾಗಿಲೂ ಸರ್ಜಾನಿಗೆ ತೆರೆಯಬಹುದು ಎಂದೆ. ಮಾತು ಮುಗಿಯುವ ಮೊದಲೇ ಎದ್ದು ಹೋದರು. ಫಲಿತಾಂಶ ಹೀಗೂ ಬರಬಹುದೆಂದು ಕೂದಲು ಕೀಳುವ ದಿನವೇ ಅವರೊಡನೆ ಕುಳಿತು ಮಾತನಾಡಬೇಕಿತ್ತು. ಈಗ ಹೊಸ ಮನೆಗೆ ಹೋದಾಗ ಅದನ್ನೇ ಮೊದಲು ಹೇಳುತ್ತೇನೆ.

ಏಪ್ರಿಲ್ 2025

ಯಜಮಾನರು ತಾವಾಗಿಯೇ ಬಂದರು. 2021ರ ಬೇಸಿಗೆಯ ಲಾಕ್‌ಡೌನ್‌ನಲ್ಲಿ ಕಾಯುವ ಹುಡುಗ ಬಾರದೆ ಆಕಳುಗಳು ಮಾಂಜ್ರಾ ದಂಡೆಯಲ್ಲಿ ಬಿಡುವಾಗಿ ಮೇಯುತ್ತಿದ್ದುದು ಅವರಿಗೆ ನೆನಪಾಗಿತ್ತು. ದಂಡೆಯ ಗುಡಿಗೆ ಬಿಟ್ಟ ಹೋರಿಯೂ ಆಗ ಅಲ್ಲೇ ಇತ್ತು. ತಿಂಗಳು ಎಣಿಸಿದರೆ ಸರ್ಜಾನ ಹುಟ್ಟಿಗೆ ತಾಳೆಯಾಗುತ್ತದೆ.

ನಾನು ಇಲ್ಲಿ ಅವಸರ ಮಾಡಿದ್ದೆ ಎಂಬುದು ಆಗಲೇ ಹೊಳೆದದ್ದು. ಸರ್ಜಾ ಚಂದ್ರನ ಮಗನಲ್ಲ ಎಂಬುದು ದೃಢ. ಆದರೆ ಗುಡಿಯ ಹೋರಿ ಚಂದ್ರನ ಮಗನಾಗಿದ್ದರೆ? ಅದನ್ನು ಕರುವಾಗಿದ್ದಾಗ ಗುಡಿಗೆ ಬಿಟ್ಟ ಮನೆಯವರ ಆಕಳುಗಳೂ ಚಂದ್ರನ ಬಳಿಗೇ ಬರುತ್ತಿದ್ದವು. ಹಾಗಿದ್ದರೆ ಸರ್ಜಾ ಮೊಮ್ಮಗನಾಗುತ್ತಾನೆ. ಅಜ್ಜನ ಅಂಕೆ ಮೊಮ್ಮಗನಲ್ಲಿ ಪ್ರತಿ ಜಾಗದಲ್ಲೂ ಇರಲೇಬೇಕೆಂದಿಲ್ಲ, ಆದ್ದರಿಂದ ನಾಲ್ಕು ಕಡೆ ಹೊಂದದೇ ಇದ್ದರೂ ಆ ಸಂಬಂಧ ತಳ್ಳಿಹೋಗುವುದಿಲ್ಲ. ಎಲ್ಲ ಬಾಗಿಲೂ ತೆರೆಯಬಹುದು ಎಂದ ಮಾತನ್ನು ಅವರ ಎದುರಿಗೇ ಹಿಂತೆಗೆದುಕೊಂಡೆ. ಈ ಸಲ ಅವರು ಪೂರ್ತಿ ಕೇಳಿಸಿಕೊಂಡರು.

ಹಿಂದಿನ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ವಾಶಿಮ್‌ನಲ್ಲಿ ಪ್ರಧಾನಿ ಬಿಡುಗಡೆ ಮಾಡಿದ ಗೋ ಚಿಪ್‌ನಂಥದ್ದು ಡಿಎನ್‌ಎಯಲ್ಲಿ ಒಂದೊಂದೇ ಅಕ್ಷರ ಬದಲಾಗುವ ಸಾವಿರಾರು ಜಾಗಗಳನ್ನು ಒಟ್ಟಿಗೆ ಓದುತ್ತದೆ. ಅಷ್ಟು ಜಾಗಗಳಿದ್ದರೆ ನಡುವಿನ ತಂದೆಯ ಮಾದರಿ ಇಲ್ಲದೆಯೂ ಎರಡು ದನಗಳ ನಂಟು ಎಷ್ಟು ಹತ್ತಿರದ್ದೆಂದು ಅಂದಾಜಿಸಬಹುದು. ನಮ್ಮ ಹನ್ನೆರಡು ಮಾರ್ಕರ್‌ಗಳಿಗೆ ಆ ಶಕ್ತಿಯಿಲ್ಲ. ಸದ್ಯಕ್ಕೆ ಗುಡಿಯ ಹೋರಿಯ ಕೂದಲೇ ದಾರಿ. ಅದು ಸರ್ಜಾನ ತಂದೆಯೇ, ಮತ್ತು ಚಂದ್ರನ ಮಗನೇ? ಎರಡು ಪ್ರಶ್ನೆಗೂ ಒಂದೇ ಲಕೋಟೆ ಸಾಕು.

ಪೂಜಾರಿಯವರ ಅಪ್ಪಣೆ ಪಡೆದು ನಿನ್ನೆ ಬೆಳಗ್ಗೆ ಹೋದೆವು. ಯಜಮಾನರೇ ಬೆಲ್ಲ ತಿನ್ನಿಸುತ್ತಾ ಹೋರಿಯ ಹಣೆ ಹಿಡಿದು ನಿಂತರು, ನಾನು ಬಾಲದಿಂದ ಮೂವತ್ತೆರಡು ಕೂದಲು ಜಗ್ಗಿದೆ. ಗಡ್ಡೆಗಳೆಲ್ಲ ಚೆನ್ನಾಗಿ ಬಂದಿವೆ. ಲಕೋಟೆ ಸಂಖ್ಯೆ 41. ಫಲಿತಾಂಶ ಬರುವವರೆಗೆ ಸರ್ಜಾನನ್ನು ಚಂದ್ರನ ಹೆಣ್ಣುಮಕ್ಕಳ ಬಳಿ ಬಿಡುವುದಿಲ್ಲ ಎಂದು ಯಜಮಾನರು ಕಾಕಾನಿಗೆ ಮಾತು ಕೊಟ್ಟಿದ್ದಾರೆ.