ಹೆಬ್ಬೆರಳಿಗೆ ಪಟ್ಟಿ ಕಟ್ಟಿದ್ದ ಭಾನುವಾರ

ತಂಗಿಯ ಎಡಗೈ ಹೆಬ್ಬೆರಳು ಉಳುಕಿತ್ತು. ಎರಡು ವಾರ ಆ ಬೆರಳನ್ನು ಮಡಚಲೇಬಾರದು ಎಂದು ಡಾಕ್ಟರು ಪಟ್ಟಿ ಕಟ್ಟಿ ಕಳಿಸಿದ್ದರು. ಫೈಟಿಂಗ್ ಗೇಮ್ ಆಡುವವರಿಗೆ ಎಡ ಹೆಬ್ಬೆರಳು ಎಂದರೇನು ಅಂತ ಬಲ್ಲವರಿಗೇ ಗೊತ್ತು. ಕೆಳಗೆ, ಕೆಳಗಿನ ಮೂಲೆ, ಮುಂದೆ ಎಂದು ಬೆರಳು ಉರುಳಿದರೆ ತಾನೇ ಸ್ಟ್ರೀಟ್ ಫೈಟರ್ ಆಟದ ರ್ಯೂನ ಅಂಗೈಯಿಂದ ಹಡೋಕೆನ್ ಎಂಬ ಬೆಂಕಿಯುಂಡೆ ಹೊರಡುವುದು! ಭಾನುವಾರ ಬೆಳಿಗ್ಗೆ ಅವಳು ಕಂಟ್ರೋಲರನ್ನು ಮುಟ್ಟಿ, ಸುಮ್ಮನೆ ಕೆಳಗಿಟ್ಟಳು. ನೋಡಿ ಸಂಕಟವಾಯಿತು. "ಆಡೋದು ಬೇಡ, ನಾವೇ ಒಂದು ಗೇಮ್ ಬಾಯ್ ಆಟ ಮಾಡೋಣ ಕಣೇ, ಕಾಗದದ ಮೇಲೆ" ಅಂದೆ.

ಇಬ್ಬರಿಗೂ ಇದು ಹಳೆಯ ಹುಚ್ಚು. ಆರ್ಕೇಡಿನ ದೊಡ್ಡ ಯಂತ್ರಕ್ಕೆಂದು ಹುಟ್ಟಿದ ಆಟವನ್ನು ಗೇಮ್ ಬಾಯ್‌ನಂಥ ಅಂಗೈಯಗಲದ ಯಂತ್ರಕ್ಕೆ ಇಳಿಸಿದರೆ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂದು ಗಂಟೆಗಟ್ಟಲೆ ವಾದ ಮಾಡಿದ್ದೇವೆ. ಆ ದಿನ ಮಾತ್ರ ಚೌಕಳಿ ಹಾಳೆ, ಪೆನ್ಸಿಲ್ ಹಿಡಿದು ಕೂತೆವು. ಎದುರಿಗಿಟ್ಟುಕೊಂಡದ್ದು 1991ರ ಸ್ಟ್ರೀಟ್ ಫೈಟರ್ 2. ಮೂರು ಪಂಚ್, ಮೂರು ಕಿಕ್, ಒಟ್ಟು ಆರು ಬಟನ್. ಗೇಮ್ ಬಾಯ್‌ನಲ್ಲಿ ಇರುವುದು ಎರಡು.

ಮೊದಲು ಪರದೆ. ಅಗಲ 160 ಪಿಕ್ಸೆಲ್, ಎತ್ತರ 144. ಎಂಟೆಂಟು ಪಿಕ್ಸೆಲ್‌ಗೆ ಒಂದು ಚೌಕ ಎಂದರೆ ಅಡ್ಡಕ್ಕೆ 20, ಉದ್ದಕ್ಕೆ 18. ಹಾಳೆಯ ಮೇಲೆ ಅಷ್ಟೇ ಚೌಕಗಳಿಗೆ ಗೆರೆ ಎಳೆದೆ. ತಂಗಿ ಅದರೊಳಗೆ ರ್ಯೂನನ್ನು ಬರೆದಳು, ಆರು ಚೌಕ ಅಗಲ. ಎದುರಿಗೆ ಅಷ್ಟೇ ಅಗಲದ ಕೆನ್. ಚಿತ್ರ ಚೆನ್ನಾಗೇ ಬಂತು, ಆದರೆ ಆ ಯಂತ್ರದಲ್ಲಿ ಅದು ಓಡುವುದಿಲ್ಲ. ಚಲಿಸುವ ಆಕೃತಿಗಳನ್ನು ಗೇಮ್ ಬಾಯ್ ಸ್ಪ್ರೈಟ್ ಎಂಬ ಸಣ್ಣ ತುಂಡುಗಳಿಂದ ಜೋಡಿಸುತ್ತದೆ. ಒಂದು ತುಂಡು ಒಂದು ಚೌಕ ಅಗಲ, ಬೇಕೆಂದರೆ ಎರಡು ಚೌಕ ಎತ್ತರ. ಪರದೆಯ ಮೇಲೆ ಒಟ್ಟು 40 ತುಂಡು, ಒಂದೇ ಅಡ್ಡಗೆರೆಯಲ್ಲಿ 10. ಹನ್ನೊಂದನೆಯದು ಆ ಗೆರೆಯಲ್ಲಿ ಕಾಣಿಸುವುದೇ ಇಲ್ಲ. ಆರು ಮತ್ತು ಆರು ಸೇರಿ ಹನ್ನೆರಡು. ಇಬ್ಬರಲ್ಲಿ ಒಬ್ಬರ ಮೈಯಿಂದ ಎರಡು ಪಟ್ಟಿ ಮಾಯ!

"ಐದೈದು ಮಾಡಿದ್ರೆ?"

"ಹತ್ತಾಯ್ತು. ಹಡೋಕೆನ್ ಎಲ್ಲಿಡ್ತೀಯಾ?"

ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿಕೊಂಡು ಕೂತಳು. ಆಮೇಲೆ ಇಬ್ಬರನ್ನೂ ಅಳಿಸಿ ನಾಲ್ಕು ಚೌಕ ಅಗಲ, ಆರು ಚೌಕ ಎತ್ತರಕ್ಕೆ ಇಳಿಸಿದಳು. ನಾಲ್ಕು, ನಾಲ್ಕು, ನಡುವೆ ಎರಡು ಚೌಕದ ಬೆಂಕಿಯುಂಡೆ. ಸರಿಯಾಗಿ ಹತ್ತು. ಅಷ್ಟು ಸಣ್ಣ ಜಾಗದಲ್ಲಿ ಮುಖದ ಭಾವ ಕಾಣಬೇಕಾದರೆ ತಲೆ ದೊಡ್ಡದಾಗಲೇಬೇಕು, ಕೈಕಾಲು ಗಿಡ್ಡವಾಗಲೇಬೇಕು. ನಿಯೋ ಜಿಯೋ ಪಾಕೆಟ್ ಕಲರ್ ಎಂಬ ಇನ್ನೊಂದು ಅಂಗೈ ಯಂತ್ರಕ್ಕೆ 1999ರಲ್ಲಿ ಎಸ್‌ಎನ್‌ಕೆ ಕಂಪನಿ ಮಾಡಿದ ಎಸ್‌ಎನ್‌ಕೆ ವರ್ಸಸ್ ಕ್ಯಾಪ್‌ಕಾಮ್‌ನಲ್ಲಿ ಎಲ್ಲರೂ ದೊಡ್ಡ ತಲೆಯ ಪುಟ್ಟ ಬೊಂಬೆಗಳಂತೆ ಇದ್ದಾರಲ್ಲ, ಅದನ್ನು ನಾನು ಬರೀ ಮುದ್ದಿಗೆಂದು ಮಾಡಿದ್ದು ಅಂದುಕೊಂಡಿದ್ದೆ. ಯಂತ್ರ ಬೇರೆ, ಅದರ ಲೆಕ್ಕವೂ ಬೇರೆ. ಆದರೂ ನಮ್ಮ ಹಾಳೆಯ ಮೇಲೆ ಅದೇ ಆಕಾರ ತಾನಾಗಿ ಮೂಡಿದಾಗ, ಆ ಬೊಂಬೆಗಳನ್ನು ಬರೆದವರ ಮೇಲೆ ಗೌರವ ಹೆಚ್ಚಾಯಿತು.

ಕೈಕಾಲು ಉದ್ದಕ್ಕೆ ಚಾಚಿ ಹೊಡೆಯುವ ಯೋಗಿ ಧಾಲ್ಸಿಮ್ ಅಂದರೆ ತಂಗಿಗೆ ಪ್ರಾಣ. 1995ರ ಗೇಮ್ ಬಾಯ್ ಸ್ಟ್ರೀಟ್ ಫೈಟರ್ 2ರಲ್ಲಿ ಇರುವುದು ಒಂಬತ್ತೇ ಜನ, ಅವನಿಲ್ಲ. ಈ ಸಿಟ್ಟು ಅವಳಿಗೆ ಬಹಳ ದಿನದ್ದು. ನಮ್ಮದರಲ್ಲಿ ಅವನು ಇರಲೇಬೇಕೆಂದು ಹಟ ಹಿಡಿದಳು. ಪರದೆಯ ಅರ್ಧದಷ್ಟು ಕೈ ಚಾಚಿದರೆ 80 ಪಿಕ್ಸೆಲ್, ಅಂದರೆ ಹತ್ತು ತುಂಡು. ಆ ಗೆರೆಯಲ್ಲಿ ಅವನ ಕೈ ಬಿಟ್ಟು ಬೇರೇನೂ ಕಾಣದು, ಏಟು ತಿನ್ನುವವನೂ ಕಾಣ. ಕೈಯ ನಡುಭಾಗವನ್ನು ಒಂದು ಫ್ರೇಮ್ (ಪರದೆಯ ಮೇಲೆ ಒಂದರ ಹಿಂದೊಂದು ಮೂಡುವ ಚಿತ್ರಗಳಲ್ಲಿ ಒಂದು) ಬಿಟ್ಟು ಒಂದು ಫ್ರೇಮ್ ತೋರಿಸೋಣ ಎಂದಳು. ಹಳೆಯ ಗೇಮ್ ಬಾಯ್ ಪರದೆಯಲ್ಲಿ ಚಿತ್ರ ಮಾಸುವುದು ನಿಧಾನ, ಹಾಗಾಗಿ ಮಿನುಗುವುದು ಕಣ್ಣಿಗೆ ತೆಳು ಬೂದು ಬಣ್ಣವಾಗಿ ಕಾಣುತ್ತದೆ. ಯೋಗಿಯ ಕೈ ಅರೆಪಾರದರ್ಶಕವಾಗಿ ಚಾಚಿಕೊಳ್ಳುವ ದೃಶ್ಯ ನೆನೆದೇ ನನಗೆ ಖುಷಿಯಾಯಿತು. ಧಾಲ್ಸಿಮ್ ಒಳಗೆ ಬಂದ.

ಬಟನ್ ವಿಷಯಕ್ಕೆ ಬಂದಾಗ ಮಧ್ಯಾಹ್ನವಾಗಿತ್ತು. ಒಂದು ಪಂಚ್, ಒಂದು ಕಿಕ್, ತಟ್ಟಿದರೆ ಹಗುರ ಏಟು, ಒತ್ತಿ ಹಿಡಿದರೆ ಜೋರು. ಗೇಮ್ ಬಾಯ್‌ನಲ್ಲಿ ಹಾಗೇ ಮಾಡಿದ್ದರು. ನಮಗೆ ಅದರಲ್ಲೊಂದು ತೊಡಕು ಕಂಡಿತು. ಬಟನ್ ಒತ್ತಿದ ಗಳಿಗೆಯಲ್ಲಿ ಯಾವ ಏಟು ಬೇಕಾಗಿದೆ ಎಂದು ಯಂತ್ರಕ್ಕೆ ತಿಳಿಯದು. ಅದು ಕಾದು ನೋಡಿದರೆ ಹಗುರ ಏಟೇ ತಡವಾಗುತ್ತದೆ, ಅದರ ಬೆಲೆ ಇರುವುದೇ ವೇಗದಲ್ಲಿ. ಕೊನೆಗೆ ಹಗುರ ಏಟು ತಕ್ಷಣ ಶುರುವಾಗಲಿ, ಆರನೇ ಫ್ರೇಮಿಗೂ ಬೆರಳು ಎತ್ತದಿದ್ದರೆ ಅದೇ ಜೋರಾಗಿ ಬದಲಾಗಲಿ ಎಂದು ಬರೆದುಕೊಂಡೆವು.

ಆಗ ತಂಗಿ ಪಟ್ಟಿ ಕಟ್ಟಿದ ಬೆರಳು ಎತ್ತಿ ತೋರಿಸಿದಳು. "ಅಣ್ಣಾ, ಇಂಥ ಬೆರಳಿರೋರು ಹಡೋಕೆನ್ ಹೊಡೆಯೋದು ಹೇಗೆ?"

ಒಂದೇ ಒತ್ತಿಗೆ ಬರಲಿ ಎನ್ನುವುದು ಸುಲಭ. 2011ರ ಸೂಪರ್ ಸ್ಟ್ರೀಟ್ ಫೈಟರ್ 4ರ ಆವೃತ್ತಿ ಎರಡು ಪರದೆಯ ಅಂಗೈ ಯಂತ್ರ 3ಡಿಎಸ್‌ಗೆ ಬಂದಿತ್ತು, ಅದರಲ್ಲಿ ಕೆಳಪರದೆ ಮುಟ್ಟಿದರೆ ವಿಶೇಷ ಏಟು ಬರುತ್ತಿತ್ತು. ಅದರಿಂದಾಗಿ, ಹಿಂದಕ್ಕೆ ಒತ್ತಿ ಹಿಡಿದು ಕಾದು ಸೋನಿಕ್ ಬೂಮ್ ಎಂಬ ಏಟು ಎಸೆಯಬೇಕಾದ ಹೋರಾಟಗಾರ ಗೈಲ್ ಮುಂದಕ್ಕೆ ನಡೆಯುತ್ತಲೇ ಎಸೆಯಬಲ್ಲವನಾದ. ಅವನ ಆಟವೇ ಬೇರೆಯಾಯಿತು. 2023ರ ಸ್ಟ್ರೀಟ್ ಫೈಟರ್ 6ರ ಮಾಡರ್ನ್ ಕಂಟ್ರೋಲ್‌ನಲ್ಲಿ ಹಾಗೆ ಸುಲಭವಾಗಿ ಹೊಡೆದ ವಿಶೇಷ ಏಟಿನ ಬಲ ಶೇಕಡಾ 20 ಕಡಿಮೆ. ತಂಗಿಗೆ ಅದು ಹಿಡಿಸಲಿಲ್ಲ. "ಬೆರಳು ನೋಯ್ತಿದೆ ಅಂತ ನನ್ನ ಏಟಿನ ಬಲ ಯಾಕೆ ಕಡಿಮೆಯಾಗಬೇಕು?" ಎಂದು ಕೇಳಿದಳು. ಸ್ವಲ್ಪ ಬಿಟ್ಟು ಅವಳೇ ಹೇಳಿದಳು: "ಉರುಳಿಸೋಕೆ ಬೆರಳಿಗೆ ಹೊತ್ತು ಹಿಡಿಯುತ್ತಲ್ಲ. ಆ ಹೊತ್ತನ್ನೇ ಯಂತ್ರ ತಗೊಳ್ಳಲಿ."

ಇಡೀ ದಿನದಲ್ಲಿ ನನಗೆ ಅತ್ಯಂತ ಇಷ್ಟವಾದ ಮಾತು ಅದು. ಉರುಳಿಸುವ ಶ್ರಮ ಬರೀ ಅಡ್ಡಿಯಲ್ಲ, ಎದುರಾಳಿಗೆ ಸಿಗುವ ಸಮಯವೂ ಹೌದು. ಶ್ರಮ ತೆಗೆದರೂ ಸಮಯ ಉಳಿಯಬೇಕು.

ಎಂಟು ಫ್ರೇಮ್ ತಡ ಇಡೋಣ ಎಂದೆವು. ಸೆಕೆಂಡಿಗೆ 60 ಫ್ರೇಮ್ ಅಂದರೆ ಸುಮಾರು 0.13 ಸೆಕೆಂಡು. ಪರೀಕ್ಷೆಗೆ ರಟ್ಟಿನ ರ್ಯೂ, ರಟ್ಟಿನ ಕೆನ್ ಕತ್ತರಿಸಿಕೊಂಡೆವು. ಒಂದು ಸರದಿಗೆ ನಾಲ್ಕು ಫ್ರೇಮ್. ಇಬ್ಬರೂ ಚೀಟಿಯಲ್ಲಿ ಗುಟ್ಟಾಗಿ ಬರೆದು ಒಟ್ಟಿಗೆ ತೆರೆಯುವುದು. ದೂರದಿಂದ ಹಡೋಕೆನ್ ಚೆನ್ನಾಗಿಯೇ ಹೋಯಿತು. ಹತ್ತಿರ ನಿಂತು ಹೊಡೆಯಹೋದವರು ಏಟು ತಿಂದರು, ಅದೂ ನ್ಯಾಯವೇ. ಶೋರ್ಯುಕೆನ್ ಮಾತ್ರ ಕೆಟ್ಟಿತು. ಹಾರಿ ಬಂದವರನ್ನು ಹೊಡೆದುರುಳಿಸಬೇಕಾದ ಏಟು ಎರಡು ಸರದಿ ಕಾದು, ಕಾಲು ಎದೆಗೆ ಬಿದ್ದ ಮೇಲೆ ಏಳುತ್ತಿತ್ತು. ಅದಕ್ಕೆ ನಾಲ್ಕೇ ಫ್ರೇಮ್ ಮಾಡಿದೆವು. ಇಪ್ಪತ್ತಕ್ಕೂ ಹೆಚ್ಚು ಸುತ್ತು ಆಡಿರಬೇಕು. ಎಡಗೈಯನ್ನು ಮಡಿಲಲ್ಲಿಟ್ಟುಕೊಂಡೇ ಅವಳು ನನ್ನನ್ನು ಸಾಲಾಗಿ ಸೋಲಿಸಿದಳು.

ಮನೆಯ ಟಿವಿಗೆ ಜೋಡಿಸುವ ಕನ್ಸೋಲ್ ಆವೃತ್ತಿಗೆ ಸಂಜೆ ಒಂದೇ ಹಾಳೆ ಸಾಕಾಯಿತು. ಅಲ್ಲಿ ಕೊರತೆ ಕಡಿಮೆ. 1992ರಲ್ಲಿ ಸ್ಟ್ರೀಟ್ ಫೈಟರ್ 2 ಇಳಿದ ಸೂಪರ್ ನಿಂಟೆಂಡೊಗೆ ಆರು ಬಟನ್ ಇದ್ದವು, ಜೋರು ಏಟುಗಳು ಭುಜದ ಬಟನ್‌ಗೆ ಹೋದವು, ಕೆಲಸ ಮುಗಿಯಿತು. ನನ್ನನ್ನು ಕಾಡುವುದು ಪ್ಲೇಸ್ಟೇಷನ್‌ನ ಎಕ್ಸ್‌ಮೆನ್ ವರ್ಸಸ್ ಸ್ಟ್ರೀಟ್ ಫೈಟರ್. ಅದರಲ್ಲಿ ಒಬ್ಬೊಬ್ಬ ಆಟಗಾರನಿಗೆ ಇಬ್ಬಿಬ್ಬರು ಹೋರಾಟಗಾರರು. 2 ಮೆಗಾಬೈಟ್ ಮೆಮೊರಿಯಲ್ಲಿ ನಾಲ್ಕು ಜನ ಹಿಡಿಸದೆ, ಆಟದ ನಡುವೆ ಜೊತೆಗಾರನನ್ನು ಕರೆಯುವುದನ್ನೇ ಕೈಬಿಟ್ಟರು. ಸೆಗಾ ಸ್ಯಾಟರ್ನ್‌ನಲ್ಲಿ 4 ಮೆಗಾಬೈಟ್‌ನ ಹೆಚ್ಚುವರಿ ಕಾರ್ಟ್ರಿಜ್ ಹಾಕಿ ಉಳಿಸಿಕೊಂಡರು. ಹಿನ್ನೆಲೆ ಚಿತ್ರ ಬೋಳಾಗಲಿ, ಫ್ರೇಮ್‌ಗಳು ಅರ್ಧವಾಗಲಿ, ಜೊತೆಗಾರ ಇರಬೇಕಿತ್ತು ಎಂದೇ ನನ್ನ ವಾದ. ತಂಗಿ ಬರೆದದ್ದು ಒಂದೇ ಸಾಲು: ಸೋತವರಿಗೆ, ಕೊನೆಯ ಮೂರು ಸೆಕೆಂಡನ್ನು ಮತ್ತೆ ಮತ್ತೆ ಆಡಿ ನೋಡುವ ಅವಕಾಶ.

ದೀಪ ಹಾಕುವ ಹೊತ್ತಿಗೆ ಅವಳು ಮತ್ತೆ ಗೇಮ್ ಬಾಯ್ ಹಾಳೆಗೆ ಮರಳಿದ್ದಳು. ಇಬ್ಬರೂ ಒಟ್ಟಿಗೆ ಹಡೋಕೆನ್ ಹೊಡೆದರೆ ನಾಲ್ಕು, ನಾಲ್ಕು, ಎರಡು, ಎರಡು, ಹನ್ನೆರಡಾಗುತ್ತದೆ. ನಾನು ಅದನ್ನು ಮರೆತೇಬಿಟ್ಟಿದ್ದೆ. ಬೆಂಕಿಯುಂಡೆಯನ್ನು ಒಂದೇ ಚೌಕಕ್ಕೆ ಇಳಿಸಿ, ಅದರ ಬಾಲವನ್ನು ಧಾಲ್ಸಿಮ್‌ನ ಕೈಯಂತೆ ಫ್ರೇಮ್ ಬಿಟ್ಟು ಫ್ರೇಮ್ ಮಿನುಗಿಸಬಹುದೇ ಎಂದು ಬಲಗೈಯಲ್ಲಿ ಎಣಿಸುತ್ತಾ ಕೂತಿದ್ದಳು. ನಾನು ಇನ್ನೊಂದು ಹಾಳೆಗೆ ಗೆರೆ ಎಳೆದುಕೊಟ್ಟೆ.