ಬೀಗದಕೈ ಕೊಟ್ಟು ಎದ್ದು ಹೋಗುವವರು

ಫೇರ್‌ಫ್ಯಾಕ್ಸ್‌ನಿಂದ ಅಮೆರಿಕದ ವರ್ಜೀನಿಯಾ ರಾಜ್ಯದ ರಾಜಧಾನಿ ರಿಚ್ಮಂಡ್‌ಗೆ ನೂರು ಮೈಲಿ. ಫ್ರೆಡ್ರಿಕ್ಸ್‌ಬರ್ಗ್ ಹತ್ತಿರ ಐ-95 ಹೆದ್ದಾರಿ ಎಂದಿನಂತೆ ಕಟ್ಟಿಕೊಂಡಿದ್ದರಿಂದ ತಲುಪುವ ಹೊತ್ತಿಗೆ ಮೂರು ಗಂಟೆ. ಹಟ ಅಪ್ಪನದು. 2026ರ ಜನವರಿ 17ರಂದು ವರ್ಜೀನಿಯಾದ ಮೊದಲ ಮಹಿಳಾ ಗವರ್ನರ್ ಆಬಿಗೇಲ್ ಸ್ಪ್ಯಾನ್‌ಬರ್ಗರ್ ಪ್ರಮಾಣವಚನ ಸ್ವೀಕರಿಸಿದ್ದನ್ನು ಹಾಸನದಲ್ಲಿ ಕೂತೇ ಮೊಬೈಲಿನಲ್ಲಿ ನೋಡಿದ್ದರಂತೆ. ಲೆಫ್ಟಿನೆಂಟ್ ಗವರ್ನರ್ ಗಜಾಲಾ ಹಾಶ್ಮಿ ಹೈದರಾಬಾದಿನಲ್ಲಿ ಹುಟ್ಟಿದವರು ಅಂತ ಗೊತ್ತಾದ ಮೇಲಂತೂ ಆ ಪ್ರಮಾಣ ನಡೆದ ಜಾಗ ನೋಡಲೇಬೇಕಾಯಿತು.

"ಗವರ್ನರ್ ಅಂದ್ರೆ ನಮ್ಮ ರಾಜ್ಯಪಾಲರ ಹಾಗಾ?" ಕಾರಿನಲ್ಲೇ ಶುರು. ಅಲ್ಲ, ಇಲ್ಲಿಯವರು ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಜನರೇ ಆರಿಸುತ್ತಾರೆ ಅಂದೆ. ನಮ್ಮ ರಾಜ್ಯಪಾಲರಿಗೆ ಸಂವಿಧಾನದ 159ನೇ ವಿಧಿಯಂತೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಪ್ರಮಾಣ ಬೋಧಿಸುತ್ತಾರೆ, ಒಳಗೇ, ನಿಮಿಷಗಳಲ್ಲಿ ಮುಗಿಯುತ್ತದೆ. ಇಲ್ಲಿ ಅದು ಚಳಿಯಲ್ಲಿ, ಬಯಲಲ್ಲಿ.

ಗುಡ್ಡದ ಮೇಲಿನ ಬಿಳಿ ಕ್ಯಾಪಿಟಲ್, ಅಂದರೆ ಶಾಸನಸಭೆಯ ಕಟ್ಟಡ, ಥಾಮಸ್ ಜೆಫರ್ಸನ್ ವಿನ್ಯಾಸ. ಫ್ರಾನ್ಸಿನ ಒಂದು ರೋಮನ್ ದೇವಾಲಯವನ್ನು ನೋಡಿಕೊಂಡು ಮಾಡಿದ್ದು. ಒಳಗೆ ಹೋಗಲು ದುಡ್ಡಿಲ್ಲ, ಗೈಡೂ ಉಚಿತ. ನಡುವಿನ ಗುಮ್ಮಟದ ಕೆಳಗೆ ಫ್ರೆಂಚ್ ಶಿಲ್ಪಿ ಊಡೋನ್ ಕೆತ್ತಿದ ಜಾರ್ಜ್ ವಾಷಿಂಗ್ಟನ್ನನ ಅಮೃತಶಿಲೆಯ ಪ್ರತಿಮೆ. ಆಳೆತ್ತರದ್ದು, ಅಳತೆ ತೆಗೆದುಕೊಂಡು ಮಾಡಿದ್ದು. ಕತ್ತಿ ಕಳಚಿ ಪಕ್ಕಕ್ಕೆ ತೂಗುಹಾಕಿದ್ದಾನೆ, ಬೆನ್ನ ಹಿಂದೆ ನೇಗಿಲು. ವೇಸ್ಟ್‌ಕೋಟಿನ ಒಂದು ಗುಂಡಿ ಮಾಯ. ಅಪ್ಪ ಕನ್ನಡಕ ಮೇಲೆತ್ತಿ ಗುಂಡಿಯನ್ನೇ ಹುಡುಕಿದರು.

ದಕ್ಷಿಣದ ಕಂಬಸಾಲಿನ ಮೆಟ್ಟಿಲಿಗೆ ಬಂದೆವು. ಮೂಲ ಕಟ್ಟಡಕ್ಕೆ ಈ ಮೆಟ್ಟಿಲು ಇರಲೇ ಇಲ್ಲ, 1900ರ ದಶಕದ ಆರಂಭದಲ್ಲಿ ಕೂಡಿಸಿದ್ದು. ನಾಲ್ಕು ವರ್ಷಕ್ಕೊಮ್ಮೆ, ಜನವರಿಯ ಎರಡನೇ ಬುಧವಾರದ ನಂತರದ ಶನಿವಾರ, ಸಮಾರಂಭ ಇಲ್ಲೇ. ಗಂಡಸರಿಗೆ ಬೂದು ಬಣ್ಣದ ಮಾರ್ನಿಂಗ್ ಕೋಟು, ನ್ಯಾಷನಲ್ ಗಾರ್ಡ್‌ನ ಹತ್ತೊಂಬತ್ತು ಕುಶಾಲತೋಪು. ಮೂಲನಿವಾಸಿ ಬುಡಕಟ್ಟಿನವರು ನೆಲ ಹರಸುವ ವಿಧಿ ಸೇರಿದ್ದು ತೀರಾ ಈಚೆಗೆ. ಮೊದಲ ಗವರ್ನರ್ ಪ್ಯಾಟ್ರಿಕ್ ಹೆನ್ರಿ 1776ರಲ್ಲಿ ಆಯ್ಕೆಯಾದಾಗ ರಾಜಧಾನಿ ವಿಲಿಯಮ್ಸ್‌ಬರ್ಗ್. ಅವನನ್ನು ಆರಿಸಿದ್ದು ಪ್ರತಿನಿಧಿಗಳ ಸಭೆ. ಗವರ್ನರನ್ನು ಜನರೇ ಆರಿಸಲು 1851ರ ಸಂವಿಧಾನ ಬರಬೇಕಾಯಿತು. 1779ರಲ್ಲಿ ಜೆಫರ್ಸನ್ ಗವರ್ನರ್ ಆದ ನಂತರ ವಿಲಿಯಮ್ಸ್‌ಬರ್ಗ್‌ನಲ್ಲಿ ಮತ್ತೆ ಪ್ರಮಾಣ ನಡೆದದ್ದು 2006ರಲ್ಲಿ. ಈ ಕಟ್ಟಡ ರಿಪೇರಿಯಲ್ಲಿತ್ತು, ಟಿಮ್ ಕೇನ್ ಅಲ್ಲಿ ಮಳೆಯಲ್ಲಿ ನಿಂತು ಪ್ರಮಾಣ ತೆಗೆದುಕೊಂಡರು.

ನಾನು ಹೆಚ್ಚು ಹೊತ್ತು ನಿಂತದ್ದು 1990ರ ನೆನಪಿನ ಮುಂದೆ. ಇದೇ ಅಂಗಳದಲ್ಲಿ 1862ರ ಫೆಬ್ರವರಿಯ ಮಳೆಯಲ್ಲಿ ಜೆಫರ್ಸನ್ ಡೇವಿಸ್ ಗುಲಾಮಗಿರಿ ಉಳಿಸಿಕೊಳ್ಳಲು ಅಮೆರಿಕದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳ ಒಕ್ಕೂಟದ ಅಧ್ಯಕ್ಷನಾಗಿ ಪ್ರಮಾಣ ಮಾಡಿದ್ದ. ನೂರ ಇಪ್ಪತ್ತೆಂಟು ವರ್ಷದ ಮೇಲೆ, ಗುಲಾಮರ ಮೊಮ್ಮಗ ಡಗ್ಲಸ್ ವೈಲ್ಡರ್ ಇಲ್ಲಿ ಕೈ ಎತ್ತಿದರು. ಅಮೆರಿಕದಲ್ಲಿ ಚುನಾಯಿತರಾದ ಮೊದಲ ಕಪ್ಪು ಗವರ್ನರ್. ಮೆಟ್ಟಿಲ ಮೇಲೆ ಆಗ ಅಳಿಲೊಂದು ಬಿಟ್ಟರೆ ಯಾರೂ ಇರಲಿಲ್ಲ.

ಅಪ್ಪನಿಗೆ ಹಿಡಿಸಿದ್ದು ಬೇರೆಯೇ. ವರ್ಜೀನಿಯಾದಲ್ಲಿ ಗವರ್ನರ್ ಬೆನ್ನುಬೆನ್ನಿಗೆ ಎರಡು ಅವಧಿ ಇರುವಂತಿಲ್ಲ. ಹಾಗಾಗಿ ಪ್ರತಿ ಸಲವೂ ಒಬ್ಬರು ಬರುತ್ತಾರೆ, ಒಬ್ಬರು ಹೋಗಲೇಬೇಕು. ಅವತ್ತು ಬೆಳಿಗ್ಗೆ ಹಳಬರು ಹೊಸಬರಿಗೆ ಗವರ್ನರ್ ಮನೆಯ ಬೀಗದಕೈ ಕೊಡುತ್ತಾರೆ. ಹೋಗುವ ಮುಂಚೆ ಮನೆಯೊಳಗೆ ಏನಾದರೂ ತಮಾಷೆ ಮಾಡಿಟ್ಟು ಹೋಗುವ ವಾಡಿಕೆಯೂ ಉಂಟು. ಪ್ರಮಾಣ ಮುಗಿಯುತ್ತಿದ್ದಂತೆ, ಹೊಸಬರ ಭಾಷಣಕ್ಕೂ ಕಾಯದೆ, ಹಳಬರು ವೇದಿಕೆಯಿಂದ ಎದ್ದು ಹೊರಟುಬಿಡುತ್ತಾರೆ.

"ಭಾಷಣಕ್ಕೂ ಕೂರಲ್ವಾ?" ಅಪ್ಪ ಎರಡು ಸಲ ಕೇಳಿದರು.

ಪಕ್ಕದಲ್ಲೇ ಆ ಮನೆ, 1813ರದ್ದು. ಅಂದಿನಿಂದ ಗವರ್ನರುಗಳು ಅಲ್ಲೇ ಇರುತ್ತಿದ್ದಾರೆ. ಗೇಟಿನ ಸರಳು ಹಿಡಿದು ನೋಡಿ ಅಪ್ಪ ಅಂದರು: "ನಮ್ಮ ಡೀಸಿ ಬಂಗಲೆ ಇದಕ್ಕಿಂತ ದೊಡ್ಡದು ಕಣೋ."

ಬೆಂಚಿನ ಮೇಲೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಕಡಲೆಬೀಜದ ವಾಸನೆಗೆ ಮೆಟ್ಟಿಲ ಮೇಲಿನ ಅಳಿಲು ಇಳಿದು ಬಂತು.